ಐಸ್ ಕರಗಿತು ಅಂತ ದಾರಿ ತೆರೆದುಬಿಡುತ್ತಾ?

ಭದ್ರಾವತಿಯ ಕಾಗದನಗರದಿಂದ ಮಾತಾಡ್ತಿದ್ದೀನಿ. ಈ ವಾರದ ವಿಷಯ ನೀವೇ ಕೊಟ್ಟಿದ್ದು. ಒಂದೇ ರೀಲ್ ಬೇರೆ ಬೇರೆ ಕಡೆಯಿಂದ ನನ್ನ ಇನ್‌ಬಾಕ್ಸ್‌ಗೆ ಬಂದು ಬಿದ್ದಿದೆ. ಭೂಪಟದ ತಲೆ ಮೇಲೆ ಒಂದು ಕೆಂಪು ಗೆರೆ, ಹಿಂದೆ ಜೋರು ಮ್ಯೂಸಿಕ್, ಕೆಳಗೆ ದಪ್ಪ ಅಕ್ಷರ: ಉತ್ತರ ಧ್ರುವದ ಐಸ್ ಕರಗಿತು, ಹೊಸ ಹೈವೇ ಓಪನ್, ಸೂಯೆಜ್ ಕಾಲುವೆ ಕತೆ ಮುಗೀತು. ಇದು ನಿಜಾನಾ ಅಂತ ಕೇಳಿದ್ದೀರಿ.

ಅರ್ಧ ನಿಜ. 2025ರ ಸೆಪ್ಟೆಂಬರ್ ಕೊನೆಯಲ್ಲಿ 'ಇಸ್ತಾಂಬುಲ್ ಬ್ರಿಜ್' ಅನ್ನೋ ಕಂಟೇನರ್ ಹಡಗು ಚೀನಾದ ನಿಂಗ್ಬೊ ಬಂದರಿನಿಂದ ಹೊರಟು, ರಷ್ಯಾದ ಉತ್ತರ ಕರಾವಳಿಯನ್ನು ಬಳಸಿಕೊಂಡು, ಸುಮಾರು 20 ದಿನದಲ್ಲಿ ಇಂಗ್ಲೆಂಡಿನ ಫೆಲಿಕ್ಸ್‌ಟೋ ತಲುಪಿತು. ಸೂಯೆಜ್ ದಾರಿಯಲ್ಲಾದರೆ ತಿಂಗಳು ದಾಟುತ್ತದೆ. ರೀಲ್ ಹುಟ್ಟಿದ್ದು ಇಲ್ಲಿಂದ. ದೂರದ ಲೆಕ್ಕವೂ ಸರಿಯಾಗೇ ಇದೆ. ರಾಟರ್‌ಡ್ಯಾಮ್‌ನಿಂದ ಜಪಾನಿನ ಯೊಕೊಹಾಮಾಗೆ ಸೂಯೆಜ್ ಮೂಲಕ ಸುಮಾರು 11,200 ನಾಟಿಕಲ್ ಮೈಲಿ. ಉತ್ತರದ ದಾರಿಯಲ್ಲಿ ಸುಮಾರು 7,300. ಮೂರನೇ ಒಂದು ಭಾಗ ಉಳಿತಾಯ. ಡೀಸೆಲ್ ಉಳೀತು, ದಿನ ಉಳೀತು, ಸಿಬ್ಬಂದಿ ಸಂಬಳ ಉಳೀತು. ಮತ್ತೆ ಎಲ್ಲರೂ ಯಾಕೆ ಹೋಗ್ತಿಲ್ಲ?

ಇದಕ್ಕೆ ಉತ್ತರ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಿವಮೊಗ್ಗದಿಂದ ಉಡುಪಿಗೆ ಹತ್ತಿರದ ದಾರಿ ಯಾವುದು? ಆಗುಂಬೆ ಘಾಟಿ. ಸರಕು ತುಂಬಿದ ದೊಡ್ಡ ಲಾರಿಯವರು ಆ ದಾರಿ ಹಿಡೀತಾರಾ? ಮ್ಯಾಪ್‌ನಲ್ಲಿ ಹತ್ತಿರ, ಆದರೆ ತಿರುವುಗಳಲ್ಲಿ ಉದ್ದದ ಗಾಡಿ ಹೊರಳೋದಿಲ್ಲ. ಮಳೆಗಾಲ ಬಂದರೆ ಗುಡ್ಡ ಕುಸಿಯುತ್ತದೆ, ಭಾರಿ ವಾಹನ ನಿಷೇಧ ಅಂತ ಜಿಲ್ಲಾಧಿಕಾರಿಗಳ ಆದೇಶ ಬರುತ್ತದೆ. ಟ್ರಾನ್ಸ್‌ಪೋರ್ಟ್ ಮಾಲೀಕನಿಗೆ ಬೇಕಿರೋದು ಅತಿ ಹತ್ತಿರದ ದಾರಿ ಅಲ್ಲ, ಇಂತಿಷ್ಟು ಹೊತ್ತಿಗೆ ಸರಕು ಮುಟ್ಟುತ್ತೆ ಅಂತ ಪಾರ್ಟಿಗೆ ಮಾತು ಕೊಡಬಹುದಾದ ದಾರಿ. ಉತ್ತರ ಸಮುದ್ರ ಮಾರ್ಗದ ಕತೆ ಹೆಚ್ಚುಕಡಿಮೆ ಇದೇ. ಅಲ್ಲಿ ತಿರುವಿನ ಬದಲು ಆಳ ಕಮ್ಮಿ ಇರೋ ಜಲಸಂಧಿಗಳಿವೆ, ಮಳೆಯ ಬದಲು ಐಸ್ ಇದೆ.

ಆಳದ ವಿಷಯ ಮೊದಲು ಮುಗಿಸಿಬಿಡ್ತೀನಿ. ಆ ಮಾರ್ಗದಲ್ಲಿ ಸನ್ನಿಕೋವ್ ಅಂತ ಒಂದು ಜಲಸಂಧಿ ಇದೆ, ಆಳ ಸುಮಾರು 13 ಮೀಟರ್. 2021ರ ಮಾರ್ಚ್‌ನಲ್ಲಿ ಸೂಯೆಜ್‌ನಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿದ್ದ 'ಎವರ್ ಗಿವನ್' ನೆನಪಿದೆಯಲ್ಲ, ಆ ಜಾತಿಯ ಹಡಗು ತುಂಬಿದಾಗ ನೀರಿನೊಳಗೆ ಸುಮಾರು 16 ಮೀಟರ್ ಇಳಿದಿರುತ್ತದೆ. ಅದು ಹೊರೋದು 20 ಸಾವಿರ ಕಂಟೇನರ್. ಇಸ್ತಾಂಬುಲ್ ಬ್ರಿಜ್ ಹೊತ್ತಿದ್ದು ನಾಲ್ಕು ಸಾವಿರದ ಆಸುಪಾಸು. ದ್ವೀಪಗಳ ಉತ್ತರಕ್ಕೆ ಸುತ್ತಿಕೊಂಡು ಹೋದರೆ ಆಳದ ನೀರು ಸಿಗುತ್ತೆ, ಆದರೆ ಐಸ್ ಕೂಡ ಜಾಸ್ತಿ ಸಿಗುತ್ತೆ. ಬಿ.ಕಾಂ. ಓದಿದವಳಿಗೆ ಮೊದಲು ಕಾಣೋದು ತಲಾ ವೆಚ್ಚ. ಐದು ಸಣ್ಣ ಹಡಗು ಬೇಗ ಓಡಿಸೋದಕ್ಕಿಂತ ಒಂದು ದೊಡ್ಡ ಹಡಗನ್ನು ನಿಧಾನಕ್ಕೆ ಓಡಿಸೋದು ಒಂದೊಂದು ಕಂಟೇನರ್ ಲೆಕ್ಕದಲ್ಲಿ ಅಗ್ಗ ಆಗಬಹುದು.

ಈಗ ಐಸ್. ರೀಲ್‌ನವರು ಪೂರ್ತಿ ಎಡವಿದ್ದು ಇಲ್ಲೇ.

ಆರ್ಕ್‌ಟಿಕ್ ಸಮುದ್ರದ ಐಸ್ ಕಡಿಮೆ ಆಗ್ತಿದೆ ಅನ್ನೋದರಲ್ಲಿ ಯಾವ ಅನುಮಾನವೂ ಇಲ್ಲ. ಉಪಗ್ರಹದ ಲೆಕ್ಕ 1978-79ರಿಂದ ಸಿಗುತ್ತದೆ. ವರ್ಷದಲ್ಲಿ ಐಸ್ ಅತಿ ಕಮ್ಮಿ ಇರೋದು ಸೆಪ್ಟೆಂಬರ್‌ನಲ್ಲಿ. 1980ರ ದಶಕದಲ್ಲಿ ಆಗಲೂ ಸುಮಾರು 70 ಲಕ್ಷ ಚದರ ಕಿಲೋಮೀಟರ್ ಇರುತ್ತಿತ್ತು. 2012ರಲ್ಲಿ ಅದು 34 ಲಕ್ಷದ ಹತ್ತಿರಕ್ಕೆ ಇಳಿಯಿತು. 2025ರಲ್ಲಿ 46 ಲಕ್ಷ. ಅದೇ ವರ್ಷ ಮಾರ್ಚ್‌ನಲ್ಲಿ, ಅಂದ್ರೆ ಐಸ್ ಅತಿ ಹೆಚ್ಚು ಹರಡಬೇಕಾದ ತಿಂಗಳಲ್ಲಿ, 143 ಲಕ್ಷ ಚದರ ಕಿಲೋಮೀಟರ್ ಮಾತ್ರ ಇತ್ತು. ಉಪಗ್ರಹದ ದಾಖಲೆ ಶುರುವಾದಾಗಿನಿಂದ ಅಲ್ಲಿಯವರೆಗೆ ಅತಿ ಕಮ್ಮಿ ಚಳಿಗಾಲದ ಐಸ್ ಅದು.

ಆದರೆ ಹಡಗು ಓಡೋದು ಸರಾಸರಿಯ ಮೇಲಲ್ಲ. ಭದ್ರಾ ಡ್ಯಾಂನಿಂದ ಹೆಚ್ಚು ನೀರು ಬಿಟ್ಟ ದಿನ ಭದ್ರಾವತಿಯಲ್ಲಿ ಮುಳುಗೋದು ಒಂದು ಸೇತುವೆ ಮಾತ್ರ. ಉಳಿದ ರಸ್ತೆಗಳೆಲ್ಲ ಒಣಗೇ ಇರುತ್ತವೆ. ಆದರೂ ಆ ಸೇತುವೆ ದಾಟಬೇಕಾದವನಿಗೆ ಊರೇ ಬಂದ್. (ಅದಕ್ಕೆ ಹೆಸರು ಹೊಸ ಸೇತುವೆ. ಹೊಸದು ಅಂತ ಹೆಸರಿಟ್ಟಿದ್ದೇ ಮೊದಲು ಮುಳುಗೋದು ಯಾಕೆ ಅಂತ ನನ್ನ ಕೇಳಬೇಡಿ.) ಐಸ್ ವಿಷಯವೂ ಹಾಗೇ. ಇಡೀ ಆರ್ಕ್‌ಟಿಕ್‌ನಲ್ಲಿ ಅರ್ಧ ಐಸ್ ಹೋಗಿರಬಹುದು. ಆದರೆ ಒಂದು ಜಲಸಂಧಿಯಲ್ಲಿ, ಗಾಳಿ ತಂದು ಒಟ್ಟಿದ ಐಸ್ ಒಂದು ವಾರ ಕೂತರೆ ಆ ವಾರ ದಾರಿ ಇಲ್ಲ.

2020 ಮತ್ತು 2021, ಈ ಎರಡು ವರ್ಷ ಪಕ್ಕಪಕ್ಕ ಇಟ್ಟು ನೋಡಿ. 2020ರ ಅಕ್ಟೋಬರ್ ಕೊನೆಯಾದರೂ ಸೈಬೀರಿಯಾದ ಉತ್ತರಕ್ಕಿರುವ ಲಾಪ್ಟೆವ್ ಸಮುದ್ರ ಹೆಪ್ಪುಗಟ್ಟಲು ಶುರುವಾಗಿರಲಿಲ್ಲ. ಅಷ್ಟು ತಡವಾಗಿದ್ದು ದಾಖಲೆಯಲ್ಲೇ ಮೊದಲು. ಸಹಜವಾಗಿ ಎಲ್ಲರೂ ಅಂದುಕೊಂಡರು, ಇನ್ನು ಮೇಲೆ ನವೆಂಬರ್‌ವರೆಗೂ ಧೈರ್ಯವಾಗಿ ಹಡಗು ಬಿಡಬಹುದು. ಮರುವರ್ಷ ಏನಾಯ್ತು? 2021ರ ನವೆಂಬರ್ ಶುರುವಿನಲ್ಲೇ ಆ ಭಾಗದಲ್ಲಿ ಐಸ್ ಗಟ್ಟಿಯಾಗಿ ಕೂತುಬಿಟ್ಟಿತು. ಇಪ್ಪತ್ತಕ್ಕೂ ಹೆಚ್ಚು ಹಡಗುಗಳು ಸಿಕ್ಕಿಹಾಕಿಕೊಂಡವು, ಇಲ್ಲವೇ ಐಸ್ ಒಡೆಯೋ ಹಡಗಿಗೆ ಕಾದು ನಿಂತವು. ರಷ್ಯಾ 'ಯಮಾಲ್', 'ವಾಯ್ಗಾಚ್' ಎಂಬ ಅಣುಶಕ್ತಿಯ ಐಸ್‌ಬ್ರೇಕರ್‌ಗಳನ್ನು ಕಳಿಸಬೇಕಾಯಿತು. ಒಂದೊಂದೇ ಹಡಗನ್ನು ಬಿಡಿಸಿಕೊಂಡು ಬರೋದಕ್ಕೆ ವಾರಗಟ್ಟಲೆ ಹಿಡೀತು.

ಸಮುದ್ರ ಬಿಸಿ ಆಗ್ತಿರೋದು ನಿಜ, ಐಸ್ ಇಳೀತಿರೋದು ನಿಜ, ಹಡಗು ಸಿಕ್ಕಿಕೊಂಡಿದ್ದೂ ನಿಜ. ಮೊದಲು ಐಸ್ ಜಾಸ್ತಿ ಇತ್ತು, ಆದ್ದರಿಂದ ಯಾರೂ ಸುಮ್ಮನೆ ನುಗ್ಗುತ್ತಿರಲಿಲ್ಲ. ಈಗ ಐಸ್ ತೆಳು, ಒಡಕು, ಗಾಳಿ ತಳ್ಳಿದ ಕಡೆ ಓಡುತ್ತದೆ. ಒಂದು ವರ್ಷ ಬೇಗ, ಒಂದು ವರ್ಷ ತಡ. ಕಡಿಮೆ ಆಯ್ತು ಅನ್ನೋದು ಬೇರೆ, ಅಂದಾಜಿಗೆ ಸಿಗುತ್ತೆ ಅನ್ನೋದು ಬೇರೆ. ವ್ಯಾಪಾರಕ್ಕೆ ಬೇಕಿರೋದು ಎರಡನೆಯದು.

ಕೆನಡಾದ ಕಡೆ ಇನ್ನೊಂದು ಉತ್ತರದ ದಾರಿ ಇದೆ, ವಾಯವ್ಯ ಮಾರ್ಗ. ಅಲ್ಲಿನ ಲೆಕ್ಕ ಇನ್ನೂ ತಲೆಕೆಳಗು. 2024ರಲ್ಲಿ ಬಂದ ಒಂದು ಅಧ್ಯಯನ 2007ರಿಂದ 2021ರವರೆಗಿನ ಐಸ್ ನಕ್ಷೆಗಳನ್ನು ನೋಡಿ ಹೇಳಿದ್ದು ಏನು ಅಂದ್ರೆ, ಆ ಮಾರ್ಗದ ಹಲವು ತುಂಡುಗಳಲ್ಲಿ ಹಡಗು ಓಡಿಸಬಹುದಾದ ವಾರಗಳು ಹೆಚ್ಚಾಗಿಲ್ಲ, ಕಮ್ಮಿ ಆಗಿವೆ. ಕಾರಣ ಸರಳ. ಉತ್ತರದಲ್ಲಿ ವರ್ಷಾನುಗಟ್ಟಲೆ ಹಳೆಯದಾದ, ಕಲ್ಲಿನಂಥ ಐಸ್ ಇದೆ. ಮೊದಲು ತೆಳು ಐಸ್ ಅದಕ್ಕೆ ಅಡ್ಡಗೋಡೆಯಾಗಿ ನಿಂತಿರುತ್ತಿತ್ತು. ಈಗ ಅಡ್ಡಗೋಡೆ ಕರಗಿತು, ಹಳೇ ಐಸ್ ಕೆಳಗೆ ಜಾರಿ ಬಂದು ಹಡಗಿನ ದಾರಿಯಲ್ಲಿ ಕೂತಿತು. ಕರಗಿದ್ದರಿಂದಲೇ ಮುಚ್ಚಿಕೊಂಡಿತು.

ಈ ಅನಿಶ್ಚಿತತೆಗೆ ಮಾರುಕಟ್ಟೆಯಲ್ಲಿ ಒಂದು ರೇಟ್ ಇದೆ, ಅದರ ಹೆಸರು ವಿಮೆ. ಹಡಗಿನ ಸಾಮಾನ್ಯ ವಿಮಾ ಪಾಲಿಸಿಯಲ್ಲಿ ಎಲ್ಲೆಲ್ಲಿ ಹೋಗಬಹುದು ಅನ್ನೋ ಗಡಿ ಬರೆದಿರುತ್ತಾರೆ. ಉತ್ತರಕ್ಕೆ 70 ಡಿಗ್ರಿ ಅಕ್ಷಾಂಶ ದಾಟಿದರೆ ಗಡಿ ದಾಟಿದ ಹಾಗೆ. ಮೊದಲೇ ತಿಳಿಸಬೇಕು, ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು. ಅದರ ಮೇಲೆ ಐಸ್‌ಬ್ರೇಕರ್ ಬೆಂಗಾವಲಿನ ಶುಲ್ಕ, ಐಸ್ ಪರಿಣಿತ ಪೈಲಟ್, ದಪ್ಪ ಉಕ್ಕಿನ ಮೈ ಇರೋ ಹಡಗು. ಆ ದಪ್ಪ ಹಡಗನ್ನು ವರ್ಷದ ಉಳಿದ ಒಂಬತ್ತು ತಿಂಗಳು ಬಿಸಿ ಸಮುದ್ರದಲ್ಲಿ ಓಡಿಸಿದರೆ ಸುಮ್ಮನೆ ಭಾರ ಹೊತ್ತುಕೊಂಡು ಎಣ್ಣೆ ಸುಡಬೇಕು.

ಮರ್ಸ್ಕ್ ಕಂಪನಿ 2018ರಲ್ಲೇ ಒಂದು ಪ್ರಯೋಗ ಮಾಡಿತ್ತು. 'ವೆಂಟಾ ಮರ್ಸ್ಕ್' ಅನ್ನೋ ಹಡಗು ವ್ಲಾಡಿವೊಸ್ಟಾಕ್‌ನಿಂದ ಮೀನು ತುಂಬಿಕೊಂಡು ಸೇಂಟ್ ಪೀಟರ್ಸ್‌ಬರ್ಗ್ ಮುಟ್ಟಿತು. ಮುಟ್ಟಿದ ಮೇಲೆ ಕಂಪನಿ ಹೇಳಿದ್ದು, ಇದು ಒಂದು ಸಲದ ಪ್ರಯೋಗ, ನಮ್ಮ ಈಗಿನ ಮಾರ್ಗಗಳಿಗೆ ಬದಲಿ ಅಲ್ಲ ಅಂತ. ಲೆಕ್ಕ ಬರೋರು ಮಾತಾಡೋದು ಹೀಗೆ. ರಷ್ಯಾ ಸರ್ಕಾರದ ಲೆಕ್ಕ ಬೇರೆ. 2024ಕ್ಕೆ ಈ ಮಾರ್ಗದಲ್ಲಿ 8 ಕೋಟಿ ಟನ್ ಸರಕು ಓಡಬೇಕು ಅಂತ 2018ರಲ್ಲಿ ಗುರಿ ಇಟ್ಟಿತ್ತು. 2024ರಲ್ಲಿ ಓಡಿದ್ದು 3.8 ಕೋಟಿಯ ಹತ್ತಿರ. ಅದೇ ದಾಖಲೆ. ಅದರಲ್ಲೂ ಈ ತುದಿಯಿಂದ ಆ ತುದಿಗೆ ಪೂರ್ತಿ ದಾಟಿದ ಸರಕು ಸುಮಾರು 30 ಲಕ್ಷ ಟನ್ ಅಷ್ಟೇ. ಉಳಿದದ್ದು ರಷ್ಯಾದ ಉತ್ತರದಲ್ಲೇ ತೆಗೆದ ಗ್ಯಾಸ್, ಎಣ್ಣೆ ಮತ್ತು ಅಲ್ಲಿನ ಕಾಮಗಾರಿಯ ಸಾಮಾನು. ಹೈವೇ ಅನ್ನೋದಕ್ಕಿಂತ ಗಣಿಯ ಲಾರಿ ರಸ್ತೆ ಅಂದರೆ ಸರಿ ಹೋಗುತ್ತೆ.

ಹಾಗಂತ ಐಸ್‌ನಲ್ಲಿ ಹಡಗು ಓಡಿಸೋದೇ ಮೂರ್ಖತನ ಅಂತ ನಾನು ಹೇಳ್ತಿಲ್ಲ. ನೂರು ವರ್ಷಕ್ಕೂ ಮೇಲಿನಿಂದ ಅದನ್ನು ಶಿಸ್ತಾಗಿ ಮಾಡ್ತಿರೋ ಒಂದು ಕಡೆ ಇದೆ. ಅದಕ್ಕೂ ಈ ಊರಿನ ಹೆಸರಿಗೂ ಒಂದು ನಂಟಿದೆ. ಕಾಗದ.

ಕಾಗದನಗರ ಅನ್ನೋ ಹೆಸರು ಬಂದಿದ್ದು ಮೈಸೂರು ಪೇಪರ್ ಮಿಲ್ಸ್‌ನಿಂದ, ನಮ್ಮ ಬಾಯಲ್ಲಿ ಎಂಪಿಎಂ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಶುರುವಾದದ್ದು. ಕನ್ನಡದ ಎಷ್ಟೋ ದಿನಪತ್ರಿಕೆ ಅಚ್ಚಾಗಿದ್ದು ಇಲ್ಲಿನ ನ್ಯೂಸ್‌ಪ್ರಿಂಟ್ ಮೇಲೆ. ಯಂತ್ರಗಳು ನಿಂತು ಹತ್ತು ವರ್ಷದ ಹತ್ತಿರ ಆಯ್ತು. ಯಾಕೆ ನಿಂತವು ಅನ್ನೋದು ಬೇರೆಯೇ ಎಪಿಸೋಡ್, ಅದನ್ನು ಇಲ್ಲಿ ಬಿಚ್ಚಿದರೆ ಇವತ್ತು ಮುಗಿಯೋದಿಲ್ಲ. ಈಗ ದೇಶದ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟ್‌ನ ದೊಡ್ಡ ಪಾಲು ಹೊರಗಿನಿಂದ ಬರುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಅದರ ಮೇಲೆ ಶೇ. 10 ಆಮದು ಸುಂಕ ಹಾಕಿ, ಪತ್ರಿಕೆಯವರು ಗಲಾಟೆ ಮಾಡಿದ ಮೇಲೆ 2020ರಲ್ಲಿ ಶೇ. 5ಕ್ಕೆ ಇಳಿಸಿತು. ಎಲ್ಲಿಂದ ಬರುತ್ತದೆ ಅಂದ್ರೆ ರಷ್ಯಾ, ಕೆನಡಾದಂಥ ಚಳಿದೇಶಗಳಿಂದ. ರಷ್ಯಾದ ಹಳೆಯ ಹೆಸರುವಾಸಿ ನ್ಯೂಸ್‌ಪ್ರಿಂಟ್ ಮಿಲ್ ಒಂದು ಇರೋದು ಕರೇಲಿಯಾದ ಕೊಂಡೊಪೊಗದಲ್ಲಿ. ಅದಕ್ಕೆ ಹತ್ತಿರದ ದೊಡ್ಡ ಬಂದರು ಸೇಂಟ್ ಪೀಟರ್ಸ್‌ಬರ್ಗ್. ಚಳಿಗಾಲದಲ್ಲಿ ಆ ಬಂದರಿನ ಮುಂದಿನ ಸಮುದ್ರ ಹೆಪ್ಪುಗಟ್ಟುತ್ತದೆ.

ಬಾಲ್ಟಿಕ್ ಧ್ರುವ ಸಮುದ್ರ ಅಲ್ಲ, ನಿಜ. ಆದರೆ ಐಸ್ ನಡುವೆ ವ್ಯಾಪಾರ ಹೇಗೆ ನಡೆಯುತ್ತೆ ಅಂತ ಕಲಿಯೋದಕ್ಕೆ ಅದಕ್ಕಿಂತ ಒಳ್ಳೆ ಶಾಲೆ ಇಲ್ಲ. ಫಿನ್‌ಲ್ಯಾಂಡ್‌ನವರು ಮೊದಲ ಐಸ್‌ಬ್ರೇಕರ್ 'ಮುರ್ತಾಯ' ತಂದಿದ್ದು 1890ರಲ್ಲಿ. ಅದೂ ನಮ್ಮ ಎಂಪಿಎಂ ಥರ ಮರ, ಕಾಗದ ನಂಬಿ ಬೆಳೆದ ದೇಶ. ಬಂದರು ನಾಲ್ಕು ತಿಂಗಳು ಮುಚ್ಚಿದರೆ ಗೋದಾಮಿನಲ್ಲಿ ಸರಕು ಕೊಳೆಯುತ್ತೆ, ದುಡ್ಡು ಕೊಳೆಯುತ್ತೆ. ಅವರು ಮಾಡಿಕೊಂಡ ಏರ್ಪಾಡು ನನಗೆ ತುಂಬ ಇಷ್ಟ. ಹಡಗುಗಳಿಗೆ ಐಸ್ ದರ್ಜೆ ಇದೆ: ಐಎ ಸೂಪರ್, ಐಎ, ಐಬಿ, ಐಸಿ ಅಂತ. ಐಸ್ ದಪ್ಪ ಆದ ಹಾಗೆ ಒಂದೊಂದು ಬಂದರಿಗೂ ಪ್ರಕಟಣೆ ಹೊರಡುತ್ತದೆ: ಇಂಥ ದರ್ಜೆಗಿಂತ ಕೆಳಗಿನ, ಇಷ್ಟು ಟನ್‌ಗಿಂತ ಚಿಕ್ಕ ಹಡಗು ಬಂದರೆ ನಾವು ಸಹಾಯಕ್ಕೆ ಬರೋದಿಲ್ಲ. ನಿಯಮ ಪಾಲಿಸಿದ ಹಡಗಿಗೆ ಐಸ್‌ಬ್ರೇಕರ್ ಸಹಾಯಕ್ಕೆ ಬೇರೆ ಬಿಲ್ ಇಲ್ಲ. ಬಂದರಿಗೆ ಬರೋ ಹಡಗುಗಳೆಲ್ಲ ಕಟ್ಟೋ ಜಲಮಾರ್ಗ ಶುಲ್ಕದಲ್ಲೇ ಆ ಖರ್ಚು ಹಂಚಿಹೋಗುತ್ತದೆ. ಗಟ್ಟಿ ಹಡಗಿಗೆ ಆ ಶುಲ್ಕ ಕಮ್ಮಿ.

ಇಷ್ಟು ಶಿಸ್ತು ಇದ್ದವರಿಗೂ ಈಗ ತಲೆನೋವು ಶುರುವಾಗಿದೆ. 2010-11ರ ಚಳಿಗಾಲದಲ್ಲಿ ಬಾಲ್ಟಿಕ್‌ನ ಐಸ್ 3,09,000 ಚದರ ಕಿಲೋಮೀಟರ್ ಹರಡಿತ್ತು. ಆ ವರ್ಷ ಸೇಂಟ್ ಪೀಟರ್ಸ್‌ಬರ್ಗ್ ಮುಂದೆ ಹಡಗುಗಳು ಸಾಲುಗಟ್ಟಿ ನಿಂತು, ರಷ್ಯಾ ಆರ್ಕ್‌ಟಿಕ್‌ನಿಂದ ಅಣುಶಕ್ತಿ ಐಸ್‌ಬ್ರೇಕರ್ ತರಿಸಬೇಕಾಯಿತು. ಯಾವುದು ಗೊತ್ತಾ? ಇದೇ ವಾಯ್ಗಾಚ್. 2019-20ರ ಚಳಿಗಾಲದಲ್ಲಿ ಐಸ್ ಎಷ್ಟು ಹರಡಿತ್ತು? 37,000. ಎಂಟನೇ ಒಂದು ಭಾಗ! ಈಗ ನೀವು ಫಿನ್‌ಲ್ಯಾಂಡ್‌ನ ಹಣಕಾಸು ಇಲಾಖೆಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. 2016ರಲ್ಲಿ ಇಳಿಸಿದ 'ಪೊಲಾರಿಸ್' ಐಸ್‌ಬ್ರೇಕರ್‌ಗೆ ಸುಮಾರು 12.5 ಕೋಟಿ ಯೂರೋ ಬಿದ್ದಿದೆ. ಇಂಥವು ಎಷ್ಟು ಇಟ್ಟುಕೊಳ್ತೀರಿ? 2020ನ್ನು ನೋಡಿ ಕಮ್ಮಿ ಮಾಡಿದರೆ, 2011ರಂಥ ವರ್ಷ ಮತ್ತೆ ಬಂದಾಗ ಬಂದರು ನಿಂತುಹೋಗುತ್ತದೆ. 2011ನ್ನು ನೋಡಿ ಇಟ್ಟುಕೊಂಡರೆ, ಮೆತ್ತನೆಯ ಚಳಿಗಾಲಗಳಲ್ಲಿ ಕೋಟಿಗಟ್ಟಲೆ ಬೆಲೆಯ ಹಡಗು ಸುಮ್ಮನೆ ನಿಂತಿರುತ್ತೆ, ಸಿಬ್ಬಂದಿ ಸಂಬಳ ಮಾತ್ರ ಓಡ್ತಿರುತ್ತೆ. ಐಸ್ ಕಮ್ಮಿ ಆದರೂ ಖರ್ಚು ಕಮ್ಮಿ ಆಗೋದಿಲ್ಲ ಅನ್ನೋದಕ್ಕೆ ಇದಕ್ಕಿಂತ ನೇರ ಉದಾಹರಣೆ ನನಗೆ ಸಿಕ್ಕಿಲ್ಲ.

ಸರಿ, ನಮಗೇನು? ಮಂಗಳೂರು ಬಂದರಿನಿಂದ ಲೆಕ್ಕ ಹಾಕೋಣ. ಮಂಗಳೂರಿನಿಂದ ಸೂಯೆಜ್ ಮೂಲಕ ರಾಟರ್‌ಡ್ಯಾಮ್‌ಗೆ ಆರೂವರೆ ಸಾವಿರ ನಾಟಿಕಲ್ ಮೈಲಿ ಆಸುಪಾಸು. ಉತ್ತರದ ದಾರಿಯಲ್ಲಿ ಹೋಗಬೇಕು ಅಂದ್ರೆ ಮೊದಲು ಸಿಂಗಪುರ ದಾಟಿ ಜಪಾನ್‌ವರೆಗೆ ಐದು ಸಾವಿರ ಮೈಲಿ, ಆಮೇಲೆ ಆ 7,300. ಹೆಚ್ಚುಕಡಿಮೆ ದುಪ್ಪಟ್ಟು. ಮೂಗು ಮುಟ್ಟೋಕೆ ತಲೆ ಸುತ್ತು ಕೈ ತಂದ ಹಾಗೆ. ಕೆಂಪು ಸಮುದ್ರದಲ್ಲಿ 2023ರ ಕೊನೆಯಿಂದ ದಾಳಿಗಳು ಶುರುವಾದಾಗ ನಮ್ಮ ಯುರೋಪ್ ಸರಕು ಸುತ್ತಿದ್ದು ಆಫ್ರಿಕಾದ ಕೆಳಗಿನಿಂದ, ಧ್ರುವದಿಂದ ಅಲ್ಲ. ರೀಲ್‌ನ ಕೆಂಪು ಗೆರೆ ಚೀನಾ, ಜಪಾನ್, ಕೊರಿಯಾದವರದ್ದು.

ಆದರೂ ಭಾರತ ಸುಮ್ಮನೆ ಕೂತಿಲ್ಲ. 2022ರ ಮಾರ್ಚ್‌ನಲ್ಲಿ ಆರ್ಕ್‌ಟಿಕ್ ನೀತಿ ಬಂತು. ಉತ್ತರ ಸಮುದ್ರ ಮಾರ್ಗಕ್ಕಾಗಿ ಭಾರತ ಮತ್ತು ರಷ್ಯಾ ಸೇರಿ ಮಾಡಿಕೊಂಡ ಕಾರ್ಯತಂಡ 2024ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಮೊದಲ ಸಲ ಸೇರಿತು. ಅಲ್ಲಿ ಮಾತಾಡಿದ ಒಂದು ವಿಷಯ ನಮ್ಮ ಕೇಳುಗರಲ್ಲಿ ಕೆಲವರಿಗಾದರೂ ಸಂಬಂಧಪಟ್ಟದ್ದು: ಭಾರತದ ನಾವಿಕರಿಗೆ ಧ್ರುವ ಸಮುದ್ರದ ತರಬೇತಿ. ಮರ್ಚೆಂಟ್ ನೇವಿ ಸೇರೋ ಹುಡುಗ ಹುಡುಗಿಯರು ಮಲೆನಾಡು, ಕರಾವಳಿಯಲ್ಲಿ ಸಾಕಷ್ಟಿದ್ದೀರಿ. ಹಡಗಿನ ದಾರಿಯನ್ನು ರೀಲ್ ಮಾಡೋರು ಆಯ್ಕೆ ಮಾಡಲ್ಲ, ಕಂಪನಿ ಮಾಡುತ್ತೆ. ಆದರೆ ಡೆಕ್ ಮೇಲೆ ನಿಲ್ಲೋದು ನೀವು. ಅದಕ್ಕೇ ಎರಡು ಸಂಗತಿ ಹೇಳ್ತೀನಿ. ಅಂತರರಾಷ್ಟ್ರೀಯ ಧ್ರುವ ಸಂಹಿತೆ, ಅಂದ್ರೆ ಪೋಲಾರ್ ಕೋಡ್, 2017ರ ಜನವರಿ 1ರಿಂದ ಜಾರಿಯಲ್ಲಿದೆ. 2018ರ ಜುಲೈನಿಂದ ಕ್ಯಾಪ್ಟನ್, ಚೀಫ್ ಮೇಟ್, ಪಹರೆಯ ಅಧಿಕಾರಿಗಳಿಗೆ ಬೇಸಿಕ್ ಮತ್ತು ಅಡ್ವಾನ್ಸ್‌ಡ್ ಅಂತ ಬೇರೆ ಪ್ರಮಾಣಪತ್ರ ಕಡ್ಡಾಯ. ಯಾರಿಗೆ ಯಾವುದು ಅನ್ನೋದು ಹುದ್ದೆ ಮತ್ತು ಐಸ್ ಎಷ್ಟಿದೆ ಅನ್ನೋದರ ಮೇಲೆ. ಎರಡನೆಯದು, ಅದೇ ಸಂಹಿತೆಯಲ್ಲಿರೋ ಒಂದು ಸಂಖ್ಯೆ. ಹಡಗು ಅಪಾಯಕ್ಕೆ ಸಿಕ್ಕರೆ ರಕ್ಷಣೆ ಬರೋವರೆಗೆ ಜೀವ ಉಳಿಸಿಕೊಳ್ಳೋ ಸಾಮಾನು ಇರಬೇಕು, ಮತ್ತು ಆ ಅವಧಿಯನ್ನು ಐದು ದಿನಕ್ಕಿಂತ ಕಮ್ಮಿ ಅಂತ ಎಣಿಸುವಂತಿಲ್ಲ. ಐದು ದಿನ. ಲೈಫ್‌ಬೋಟ್‌ನಲ್ಲಿ, ಆ ಚಳಿಯಲ್ಲಿ. ಸಂದರ್ಶನದಲ್ಲಿ ಸಂಬಳ ಕೇಳೋ ಮೊದಲು ಹಡಗು ಯಾವ ನೀರಿಗೆ ಹೋಗುತ್ತೆ, ತರಬೇತಿ ಖರ್ಚು ಯಾರದ್ದು, ವಿಮೆ ಅಲ್ಲಿಗೂ ಅನ್ವಯ ಆಗುತ್ತಾ ಅಂತ ಕೇಳಿ. ಕೇಳೋದರಲ್ಲಿ ಸಂಕೋಚ ಬೇಡ.

ಇನ್ನೊಂದು ವಿಷಯ ಬೇಗ ಹೇಳಿಬಿಡ್ತೀನಿ. ಹಡಗಿನ ದಪ್ಪ ಎಣ್ಣೆ ಸುಟ್ಟಾಗ ಬರೋ ಮಸಿ ಐಸ್ ಮೇಲೆ ಕೂತರೆ ಐಸ್ ಬಿಸಿಲನ್ನು ಹೆಚ್ಚು ಹೀರಿಕೊಂಡು ಇನ್ನೂ ಬೇಗ ಕರಗುತ್ತದೆ. ಆ ಎಣ್ಣೆಗೆ ಆರ್ಕ್‌ಟಿಕ್‌ನಲ್ಲಿ 2024ರ ಜುಲೈನಿಂದ ನಿಷೇಧ ಇದೆ, ಆದರೆ ವಿನಾಯಿತಿಗಳು 2029ರವರೆಗೂ ಎಳೆದಿವೆ. ಆ ಐಸ್‌ಗೂ ನಮ್ಮ ಮಳೆಗೂ ನಂಟು ಇರಬಹುದು ಅಂತ ಗೋವಾದಲ್ಲಿರೋ ನಮ್ಮದೇ ಧ್ರುವ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಬರೆದಿದ್ದಾರೆ. ರಷ್ಯಾದ ಉತ್ತರಕ್ಕಿರೋ ಕಾರಾ ಸಮುದ್ರದಲ್ಲಿ ಬೇಸಿಗೆಯ ಐಸ್ ಕಮ್ಮಿಯಾದ ವರ್ಷಗಳಲ್ಲಿ, ಮುಂಗಾರಿನ ಕೊನೆಗೆ ಭಾರತದ ಕೆಲವು ಭಾಗಗಳಲ್ಲಿ ವಿಪರೀತ ಮಳೆ ಹೆಚ್ಚಿರೋ ಸಾಧ್ಯತೆ. ಸಾಧ್ಯತೆ ಅಂತಲೇ ಅವರು ಹೇಳಿರೋದು, ಅದನ್ನೂ ರೀಲ್ ಮಾಡಿ ಭದ್ರಾ ಪ್ರವಾಹಕ್ಕೆ ಧ್ರುವವೇ ಕಾರಣ ಅಂತ ಹಾಕಬೇಡಿ ದಯವಿಟ್ಟು. ಗಮನಿಸಬೇಕಾದ್ದು, ಕಾರಾ ಸಮುದ್ರ ಇರೋದು ಈ ಹಡಗಿನ ಮಾರ್ಗದಲ್ಲೇ.

ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹಿಮ ದತ್ತಾಂಶ ಕೇಂದ್ರ ಆ ವರ್ಷದ ಅತಿ ಕಮ್ಮಿ ಐಸ್ ಎಷ್ಟು ಅಂತ ಪ್ರಕಟಿಸುತ್ತದೆ. ಅದರ ವೆಬ್‌ಸೈಟ್‌ನಲ್ಲಿ ದಿನದಿನದ ನಕ್ಷೆ ಉಚಿತ, ಮೊಬೈಲ್‌ನಲ್ಲೇ ತೆರೆಯುತ್ತದೆ. ರೀಲ್ ಬಂದಾಗ ನಕ್ಷೆಯಲ್ಲಿ ಬಿಳಿ ಎಷ್ಟು ಕುಗ್ಗಿದೆ ಅಂತ ಮಾತ್ರ ನೋಡಬೇಡಿ. ಸೈಬೀರಿಯಾದ ಅಂಚಿಗೆ, ಆ ದ್ವೀಪಗಳ ಸಂದಿಯಲ್ಲಿ ಬಿಳಿ ಎಲ್ಲಿ ಅಂಟಿಕೊಂಡಿದೆ, ಅಕ್ಟೋಬರ್‌ನಲ್ಲಿ ಯಾವ ದಿನ ಅದು ಮತ್ತೆ ಕೂಡಿಕೊಳ್ಳುತ್ತೆ ಅಂತ ನೋಡಿ. ಹೋದ ವರ್ಷದ ನಕ್ಷೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಎಂಪಿಎಂ ಬಗ್ಗೆ ಎಪಿಸೋಡ್ ಮಾಡಿ ಅಂತ ಕೇಳಿದವರಿಗೆ: ಮಾಡ್ತೀನಿ. ಅಲ್ಲಿ ಕೆಲಸ ಮಾಡಿದವರು ನಿಮ್ಮ ಮನೆಯಲ್ಲಿ ಇದ್ದರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.